ಆರೋಗ್ಯ ಸಿಬ್ಬಂದಿಗಾಗಿ ಪ್ಯಾಲೆಸ್ಟೀನ್ ಅಧ್ಯಯನ ಶಿಬಿರ: ಹೋಗಬಹುದೇ?

ಹುಬ್ಬಳ್ಳಿ-ಧಾರವಾಡದ ಕೆಲವು ವೈದ್ಯರು ಮತ್ತು ಶುಶ್ರೂಷಕಿಯರು ಸೇರಿ ರವಿವಾರಗಳಂದು ನಡೆಸುತ್ತಿರುವ ಈ ಶಿಬಿರಕ್ಕೆ ನೂರು ರೂಪಾಯಿ ಶುಲ್ಕವಿದ್ದು, ಅದರಲ್ಲಿ ಮಧ್ಯಾಹ್ನದ ರೊಟ್ಟಿ ಊಟವೂ ಒಂದು ಕೈಪಿಡಿಯೂ ಸೇರಿವೆ. ಘೋಷಣೆ ಕೂಗಲು ಹೋಗುವವರಿಗೆ ನಿರಾಸೆಯಾದೀತು. ದವಾಖಾನೆಯ ಕೆಲಸ ಬಲ್ಲವರಿಗೆ ತಟ್ಟುವ ವಿಷಯಗಳೇ ಇಲ್ಲಿ ಹೆಚ್ಚು.

ಇಡೀ ದಿನದಲ್ಲಿ ಶ್ರೇಷ್ಠವೆನಿಸಿದ್ದು ಕ್ಯಾನ್ಸರ್ ರೋಗಿಗಳ ಕುರಿತ ಅವಧಿ. ಗಾಜಾದಲ್ಲಿ ಯುದ್ಧಕ್ಕೆ ಮೊದಲೂ ವಿಕಿರಣ ಚಿಕಿತ್ಸೆ ಇರಲಿಲ್ಲವಾದ್ದರಿಂದ ಅನೇಕ ರೋಗಿಗಳು ಪೂರ್ವ ಜೆರುಸಲೇಮಿನ ಆಗಸ್ಟಾ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಬೇಕಿತ್ತು. ಅದಕ್ಕೆ ಆರೋಗ್ಯ ಸಚಿವಾಲಯದ ಶಿಫಾರಸು, ಆಸ್ಪತ್ರೆ ಕೊಟ್ಟ ದಿನಾಂಕ, ಗಡಿ ದಾಟಲು ಇಸ್ರೇಲಿನ ಅನುಮತಿ, ಜೊತೆಗೆ ಬರುವವರಿಗೆ ಪ್ರತ್ಯೇಕ ಅನುಮತಿ, ಇವೆಲ್ಲವೂ ಕೂಡಿಬರಬೇಕಿತ್ತು. ಹಾವೇರಿಯಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಬರುವ ರೋಗಿ ನಡುವೆ ನಾಲ್ಕು ದಿನ ತಪ್ಪಿಸಿದರೆ ಏನಾಗುತ್ತದೆಂದು ಬಲ್ಲ ಸಭಿಕರಿಗೆ ಇದರ ಗಂಭೀರತೆಯನ್ನು ಯಾರೂ ವಿವರಿಸಬೇಕಾಗಲಿಲ್ಲ. ಗಾಜಾದೊಳಗೆ ಕ್ಯಾನ್ಸರಿಗೆ ಮೀಸಲಾಗಿದ್ದ ತುರ್ಕಿ-ಪ್ಯಾಲೆಸ್ಟೀನ್ ಸ್ನೇಹ ಆಸ್ಪತ್ರೆಯೂ ಇಂಧನವಿಲ್ಲದೆ 2023ರ ನವೆಂಬರಿನ ಆರಂಭದಲ್ಲಿ ಸ್ಥಗಿತಗೊಂಡಿತು.

ಕಾನೂನಿನ ಅವಧಿಯ ಪ್ರಾಮಾಣಿಕತೆಯೂ ಮೆಚ್ಚುವಂಥದ್ದು. 1949ರ ನಾಲ್ಕನೆಯ ಜಿನೀವಾ ಒಪ್ಪಂದದಲ್ಲಿ ಆಸ್ಪತ್ರೆಗಳಿಗೆ ರಕ್ಷಣೆ ನೀಡುವ 18ನೆಯ ವಿಧಿಯನ್ನಷ್ಟೇ ಓದಿ ನಿಲ್ಲಿಸದೆ, ಆ ರಕ್ಷಣೆ ಯಾವಾಗ ಕಳೆದುಹೋಗುತ್ತದೆ, ಆಗಲೂ ಮೊದಲೇ ಎಚ್ಚರಿಕೆ ಕೊಟ್ಟು ಕಾಲಾವಕಾಶ ನೀಡಬೇಕು ಎನ್ನುವ 19ನೆಯ ವಿಧಿಯನ್ನೂ ಓದಿದರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯನ್ನಾಗಲಿ ಒತ್ತೆಯಾಳುಗಳನ್ನಾಗಲಿ ಮರೆಮಾಚಲಿಲ್ಲ. 2025ರ ಮಾರ್ಚ್ 23ರಂದು ಗಾಜಾದ ರಫಾದಲ್ಲಿ ಇಸ್ರೇಲ್ ಸೇನೆಯ ಗುಂಡಿಗೆ ಆಂಬುಲೆನ್ಸ್, ರಕ್ಷಣಾ ಹಾಗೂ ವಿಶ್ವಸಂಸ್ಥೆಯ ಸಿಬ್ಬಂದಿ ಸೇರಿ 15 ಮಂದಿ ಬಲಿಯಾದ ಪ್ರಕರಣವನ್ನು ಹೇಳುವಾಗಲೂ ಧ್ವನಿ ಏರಿಸಲಿಲ್ಲ. ಸಂಘಟನೆಗೆ ಮಾದರಿಯಾಗಿ, 1988ರಲ್ಲಿ ಇಸ್ರೇಲಿನ ವೈದ್ಯರೇ ಕಟ್ಟಿದ, ಪಶ್ಚಿಮ ದಂಡೆಗೆ ಸಂಚಾರಿ ಚಿಕಿತ್ಸಾಲಯ ಒಯ್ಯುವ ‘ಫಿಸಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಇಸ್ರೇಲ್’ ಸಂಸ್ಥೆಯನ್ನು ಪರಿಚಯಿಸಿದ್ದು ಜಾಣ ಆಯ್ಕೆ.

ಊಟದ ನಂತರ ಶಿಬಿರ ಸಡಿಲಗೊಂಡಿತು. ದೇಣಿಗೆಯ ವಿಷಯದಲ್ಲಿ ‘ಕಳುಹಿಸಿ’ ಎಂದರೇ ಹೊರತು, ವಿದೇಶಕ್ಕೆ ಹಣ ಕಳುಹಿಸಲು ಬ್ಯಾಂಕಿನಲ್ಲಿ ತುಂಬಬೇಕಾದ ಎ2 ನಮೂನೆಯ ಮಾತೇ ಬರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಬಂದವರಲ್ಲಿ ಬಹುಪಾಲು ಸರ್ಕಾರಿ ನೌಕರರು. ಶಿಬಿರದಲ್ಲಿ ಇಟ್ಟಿದ್ದ ಮನವಿಪತ್ರಕ್ಕೆ ಸಹಿ ಹಾಕಿದರೆ 2021ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ಅಡ್ಡಬರುತ್ತವೆಯೇ ಎಂದು ಗದಗಿನ ಅಕ್ಕ ಒಬ್ಬರು ಕೇಳಿದ್ದಕ್ಕೆ ‘ಧೈರ್ಯ ಮಾಡ್ರಿ’ ಎಂಬ ಉತ್ತರ ಸಿಕ್ಕಿತು. ಸಂಬಳದ ಮೇಲೆ ಮನೆ ನಡೆಸುವವರಿಗೆ ಅದು ಉತ್ತರವಲ್ಲ.

ಬೆಳಗಿನ ಅವಧಿಗಳಿಗಾಗಿಯೇ ನೂರು ರೂಪಾಯಿ ಸಾರ್ಥಕ. ನಡತೆ ನಿಯಮ ಬಲ್ಲ ವಕೀಲರೊಬ್ಬರನ್ನು ಕರೆಸುವವರೆಗೆ, ಮಧ್ಯಾಹ್ನ ಇಡುವ ಸಹಿ ಹಾಳೆಗೆ ಅವಸರಪಡದಿರುವಂತೆ ಸರ್ಕಾರಿ ನೌಕರರಿಗೆ ನನ್ನ ಸಲಹೆ.