240ರ ರೇಡಿಯೇಟರ್ ಮುಂದೆ ಹಾಕೋದಾ, ಮೇಲೆ ಹಾಕೋದಾ? ಎರಡೂ ಕಡೆ ಹಾಕಿ ನೋಡಿದೆ

ಕಂಪ್ಯೂಟರ್‌ನ ಸಿಪಿಯು, ಅಂದರೆ ಪ್ರೊಸೆಸರ್ ಚಿಪ್ಪನ್ನು ನೀರಿನಿಂದ ತಣ್ಣಗಿಡುವ ಕೂಲರ್‌ನ ಮಾತಿದು. ಚಿಪ್ ಮೇಲೆ ಕೂರುವ ಪಂಪ್ ಬಿಸಿ ನೀರನ್ನು ಪೈಪ್‌ನಲ್ಲಿ ರೇಡಿಯೇಟರ್‌ಗೆ ಕಳಿಸುತ್ತದೆ, ಅಲ್ಲಿ ಫ್ಯಾನ್‌ಗಳು ಅದನ್ನು ತಣ್ಣಗೆ ಮಾಡುತ್ತವೆ. 240 ಅಂದರೆ 120 ಮಿ.ಮೀ.ನ ಎರಡು ಫ್ಯಾನ್ ಹಿಡಿಸುವಷ್ಟು ಉದ್ದ. ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ರೇಡಿಯೇಟರ್ ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿದೆ. ಅಲ್ಲಿಗೆ ಬರುವ ಮುಂಚೆ ಮುಂಭಾಗದಲ್ಲಿ ಎರಡು ರೀತಿ ಹಾಕಿ ನೋಡಿದೆ, ಮೂರು ಭಾನುವಾರ ಇದಕ್ಕೇ ಹೋಯಿತು. ಸಿಪಿಯು ಬಿಸಿ ಒಂದನ್ನೇ ನೋಡಿದ್ದರೆ ಮುಂಭಾಗವೇ ಗೆಲ್ಲುತ್ತಿತ್ತು. ಆದರೆ ಕ್ಯಾಬಿನೆಟ್ ಒಳಗೆ ಬಿಸಿಯಾಗುವುದು ಸಿಪಿಯು ಒಂದೇ ಅಲ್ಲ ಅಲ್ವಾ.

ನನ್ನ ಸಿಪಿಯು ರೈಜನ್ 7 5800ಎಕ್ಸ್, ಜೊತೆಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಕೆಲಸ ಮದುವೆ ವಿಡಿಯೊ ಎಡಿಟಿಂಗ್, ನಡುನಡುವೆ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್. ಈ 5800ಎಕ್ಸ್ ಬಿಸಿ ಜಾತಿಯದು. ಎಂಟೂ ಕೋರ್ ಒಂದೇ ಸಣ್ಣ ಚಿಪ್‌ನಲ್ಲಿವೆ, ಡಬ್ಬಿ ಮೇಲೆ 105 ವ್ಯಾಟ್ ಅಂತಿದ್ದರೂ ಪೂರ್ತಿ ಲೋಡ್‌ನಲ್ಲಿ 142 ವ್ಯಾಟ್‌ವರೆಗೆ ಎಳೆಯುತ್ತದೆ. ಅದರ ಮಿತಿ 90 ಡಿಗ್ರಿ. ಮನೆ ಹುಬ್ಬಳ್ಳಿಯಲ್ಲಿ, ರೂಮಿಗೆ ಎಸಿ ಇಲ್ಲ, ಏಪ್ರಿಲ್‌ನಲ್ಲಿ ಸಂಜೆ ಹೊತ್ತಿಗೂ ರೂಮು 31 ಡಿಗ್ರಿ ಇತ್ತು. ಎಲ್ಲ ಪರೀಕ್ಷೆಯೂ ಅದೇ ಹೊತ್ತಿನಲ್ಲಿ, ಪ್ರತಿ ಸಲ ಸಿಪಿಯು ಮತ್ತು ಕೂಲರ್ ನಡುವೆ ಬಿಸಿ ದಾಟಿಸುವ ಪೇಸ್ಟ್ ಒರೆಸಿ ಹೊಸದಾಗಿ ಹಚ್ಚಿ ಮಾಡಿದ್ದು. ಫ್ಯಾನ್‌ಗಳೂ ಅಷ್ಟೇ ಇದ್ದವು, ಜಾಗ ಮಾತ್ರ ಬದಲಾಯಿಸಿದೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೂಲರ್ ತಗೊಂಡಾಗ ಅಂಗಡಿಯವರು ಹೇಳಿದ್ದು, "ಮುಂದೇನೇ ಹಾಕಿ ಸರ್, ಹೊರಗಿನ ಗಾಳಿ ಸೀದಾ ಸಿಗುತ್ತೆ." ಅವರ ಮಾತು ತಪ್ಪಲ್ಲ. ಹಾಗೇ ಶುರು ಮಾಡಿದೆ.

ಮುಂಭಾಗದಲ್ಲಿ ಕೂರಿಸುವುದು ಸುಲಭ, ಅರ್ಧ ಗಂಟೆಯ ಕೆಲಸ. ರೇಡಿಯೇಟರ್ 27 ಮಿ.ಮೀ., ಫ್ಯಾನ್ 25, ಒಟ್ಟು 52 ಮಿ.ಮೀ. ದಪ್ಪ. ಇಷ್ಟು ಜಾಗ ಗ್ರಾಫಿಕ್ಸ್ ಕಾರ್ಡ್‌ನ ಪಾಲಿನಿಂದ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ. ನನ್ನ ಕ್ಯಾಬಿನೆಟ್‌ನಲ್ಲಿ 330 ಮಿ.ಮೀ. ಕಾರ್ಡ್ ಹಿಡಿಸುತ್ತದೆ ಅಂತ ಬರೆದಿತ್ತು, ರೇಡಿಯೇಟರ್ ಬಂದ ಮೇಲೆ ಉಳಿದದ್ದು 278. ನನ್ನ ಕಾರ್ಡ್ ಗಿಡ್ಡ, ಹಿಡಿಸಿತು. ಮೂರು ಫ್ಯಾನ್‌ನ ಉದ್ದ ಕಾರ್ಡ್ ಇದ್ದವರು ಕೊಳ್ಳುವ ಮುಂಚೆಯೇ ಸ್ಕೇಲ್ ಹಿಡಿದು ಅಳೆದುಬಿಡಿ.

ಮೊದಲ ವಾರ ಪೈಪ್‌ಗಳು ಮೇಲಿರುವಂತೆ ಹಾಕಿದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬುಳುಬುಳು ಸದ್ದು. ಇಂಥ ಕೂಲರ್‌ನಲ್ಲಿ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ವರ್ಷ ಕಳೆದಂತೆ ಪೈಪ್‌ನ ರಬ್ಬರ್ ಮೂಲಕ ನೀರು ನಿಧಾನವಾಗಿ ಆರಿ ಅದು ಇನ್ನೂ ಜಾಸ್ತಿಯಾಗುತ್ತದೆ. ಗಾಳಿ ಯಾವತ್ತೂ ಎತ್ತರದ ಜಾಗ ಹುಡುಕುತ್ತದೆ. ಪೈಪ್ ಸೇರುವ ಬಾಯಿಯೇ ಮೇಲಿದ್ದರೆ ಗಾಳಿ ಅಲ್ಲೇ ಕೂತು ನೀರಿನ ಜೊತೆ ಎಳೆದಾಡುತ್ತದೆ. ಎರಡನೇ ವಾರ ರೇಡಿಯೇಟರ್ ತಲೆಕೆಳಗು ಮಾಡಿ ಪೈಪ್ ಕೆಳಗಿಟ್ಟೆ, ಸದ್ದು ನಿಂತೇ ಹೋಯಿತು. ಆದರೆ ಪೈಪ್‌ಗಳು ಗ್ರಾಫಿಕ್ಸ್ ಕಾರ್ಡ್‌ನ ತುದಿ ಬಳಸಿಕೊಂಡು ಮೇಲೆ ಬರಬೇಕು, ಉದ್ದ ಸಾಲದಿದ್ದರೆ ಎಳೆದಂತಾಗುತ್ತದೆ. ನನ್ನದು ಅಂತೂ ಇಂತೂ ಮುಟ್ಟಿತು. ರೇಡಿಯೇಟರನ್ನು ಕ್ಯಾಬಿನೆಟ್‌ನ ತಳಕ್ಕೆ ಹಾಕುವ ಯೋಚನೆ ಮಾತ್ರ ಬೇಡವೇ ಬೇಡ. ಆಗ ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ, ಗಾಳಿಯೆಲ್ಲ ಅದರೊಳಗೆ ಸೇರಿ ಪಂಪ್ ಬೇಗ ಹಾಳಾಗುತ್ತದೆ.

ಪೈಪ್ ತಿರುಗಿಸುವಾಗಲೇ ಫ್ಯಾನ್‌ಗಳನ್ನೂ ರೇಡಿಯೇಟರ್‌ನ ಹೊರಗಡೆಯಿಂದ ಒಳಗಡೆಗೆ ಬದಲಾಯಿಸಿ ನೋಡಿದೆ, ಅಂದರೆ ಗಾಳಿಯನ್ನು ತಳ್ಳುವ ಬದಲು ಎಳೆಯುವ ಹಾಗೆ. ಬಿಸಿಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸವೂ ಬರಲಿಲ್ಲ. ಧೂಳಿನ ವಿಷಯದಲ್ಲಿ ಮಾತ್ರ ಎಳೆಯುವುದೇ ವಾಸಿ. ಧೂಳು ರೇಡಿಯೇಟರ್‌ನ ಹೊರಮೈ ಮೇಲೆ ಕೂರುತ್ತದೆ, ಮುಂದಿನ ಮುಚ್ಚಳ ತೆಗೆದು ಬ್ರಷ್ ಆಡಿಸಿದರೆ ಸಾಕು. ಇನ್ನೊಂದು ರೀತಿಯಲ್ಲಿ ಅದು ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಕಂಬಳಿ ಥರ ಕಟ್ಟಿಕೊಳ್ಳುತ್ತದೆ, ಎಂಟು ಸ್ಕ್ರೂ ಬಿಚ್ಚದೆ ಕೈ ಹೋಗುವುದಿಲ್ಲ. ನಮ್ಮ ಕಡೆ ಧೂಳು ಎಷ್ಟು ಅಂತ ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ.

ಮೂರನೇ ವಾರ ಮೇಲ್ಭಾಗ. ಇದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ರೇಡಿಯೇಟರ್ ಒಳಗೆ ಎತ್ತಿ ಹಿಡಿದರೆ ಫ್ಯಾನ್‌ನ ಅಂಚು ರ್‍ಯಾಮ್‌ನ ತಲೆಗೆ ತಾಗಿತು, ಮೂರೋ ನಾಲ್ಕೋ ಮಿ.ಮೀ. ಅಷ್ಟೇ. ಅದೃಷ್ಟಕ್ಕೆ ಕ್ಯಾಬಿನೆಟ್‌ನ ಚಾವಣಿಯಲ್ಲಿ ಸ್ಕ್ರೂ ಹಾಕುವ ಸೀಳುಗಳು ಎರಡು ಸಾಲು ಇದ್ದವು. ಗಾಜಿನ ಕಡೆಯ ಸಾಲಿಗೆ ಸರಿಸಿದ ಮೇಲೆ ಕೂತಿತು. ರೇಡಿಯೇಟರ್ ಬಿಗಿ ಮಾಡಿ ನಿಟ್ಟುಸಿರು ಬಿಟ್ಟ ಮೇಲೆ ನೋಡುತ್ತೇನೆ, ಸಿಪಿಯುಗೆ ಕರೆಂಟ್ ಕೊಡುವ 8 ಪಿನ್ ಕೇಬಲ್ ಚುಚ್ಚಿಲ್ಲ! ಅದರ ಜಾಗ ಬೋರ್ಡ್‌ನ ಮೇಲಿನ ಎಡ ಮೂಲೆ, ಈಗ ಅಲ್ಲಿ ಬೆರಳೂ ಹೋಗುವುದಿಲ್ಲ. ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ಆ ಕೇಬಲ್ ಮೊದಲು, ಆಮೇಲೆ ರೇಡಿಯೇಟರ್. ಫ್ಯಾನ್‌ಗಳನ್ನೂ ಟೇಬಲ್ ಮೇಲೇ ರೇಡಿಯೇಟರ್‌ಗೆ ಕೂರಿಸಿಕೊಳ್ಳಿ. ಫ್ಯಾನ್‌ನ ಹಿಂದೆ ಅಡ್ಡ ಕಡ್ಡಿಗಳಿರುತ್ತವಲ್ಲ, ಗಾಳಿ ಆ ಕಡೆಯಿಂದ ಹೊರಬರುತ್ತದೆ. ಸ್ಕ್ರೂ ಕೂಡ ನೋಡಿಕೊಂಡು ಹಾಕಿ: ಉದ್ದದ್ದು ಫ್ಯಾನ್ ದಾಟಿ ಹೋಗುವುದಕ್ಕೆ, ಗಿಡ್ಡದ್ದು ರೇಡಿಯೇಟರನ್ನು ನೇರವಾಗಿ ಚಾವಣಿಗೆ ಬಿಗಿಯುವುದಕ್ಕೆ. ಅದಲು ಬದಲಾಗಿ ಉದ್ದದ್ದು ನೇರ ಒಳಗೆ ಹೋದರೆ ನೀರಿನ ನಾಳಕ್ಕೇ ತೂತು ಬೀಳಬಹುದು.

ಇನ್ನು ಅಂಕಿಗಳು. ಹತ್ತು ನಿಮಿಷ ಓಡಿಸಿದಾಗ ಮುಂದೆಗೂ ಮೇಲೆಗೂ ವ್ಯತ್ಯಾಸ ಕಾಣಲೇ ಇಲ್ಲ, ಯಾಕೆಂದರೆ ಒಳಗಿನ ನೀರು ಪೂರ್ತಿ ಕಾಯುವುದಕ್ಕೇ ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗಾಗಿ ಪ್ರತಿ ಸಲ ಮುಕ್ಕಾಲು ಗಂಟೆ ಓಡಿಸಿ ಆಮೇಲೆ ಬರೆದುಕೊಂಡೆ. ಸಿಪಿಯು ಮಾತ್ರ ದುಡಿದಾಗ ಮುಂಭಾಗದಲ್ಲಿ 76, ಮೇಲ್ಭಾಗದಲ್ಲಿ 78. ಸುಮ್ನೆ ಬಿಟ್ಟುಬಿಡುವಷ್ಟು ಅಂತರ. ಗ್ರಾಫಿಕ್ಸ್ ಕಾರ್ಡೂ ಸೇರಿ ದುಡಿದಾಗ ನಿಜವಾದ ವ್ಯತ್ಯಾಸ ಬಂತು: ಮುಂಭಾಗದಲ್ಲಿ ಸಿಪಿಯು 79, ಕಾರ್ಡ್ 77, ಮೇಲ್ಭಾಗದಲ್ಲಿ ಸಿಪಿಯು 84, ಕಾರ್ಡ್ 71. ರೇಡಿಯೇಟರ್ ಮುಂದಿದ್ದಾಗ ಅದರ ಬಿಸಿಯನ್ನೆಲ್ಲ ಕಾರ್ಡ್ ಕುಡಿಯುತ್ತದೆ, ಮೇಲಿದ್ದಾಗ ಕಾರ್ಡ್‌ನ ಬಿಸಿಯನ್ನು ರೇಡಿಯೇಟರ್ ಕುಡಿಯುತ್ತದೆ.

84 ಕೇಳಿ ಗಾಬರಿಯಾಗಬೇಡಿ, ಮಿತಿ 90 ಅಂದೆನಲ್ಲ, ವೇಗವೂ ಇಳಿಯಲಿಲ್ಲ. ಆದರೆ ಕಾರ್ಡ್ ಆರು ಡಿಗ್ರಿ ಇಳಿದದ್ದು ಕಿವಿಗೇ ಗೊತ್ತಾಯಿತು, ಅದರ ಫ್ಯಾನ್ ಕಿರುಚುವುದು ನಿಂತಿತು. ರಾತ್ರಿ ರೆಂಡರ್‌ಗೆ ಬಿಟ್ಟು ಅದೇ ರೂಮಿನಲ್ಲಿ ಮಲಗುವವನಿಗೆ ಇದು ಸಣ್ಣ ವಿಷಯ ಅಲ್ಲ. ಬುಳುಬುಳು ಸದ್ದೂ ಇಲ್ಲ, ಗಾಳಿಯೆಲ್ಲ ಪಂಪ್‌ಗಿಂತ ಎತ್ತರದಲ್ಲಿ, ರೇಡಿಯೇಟರ್‌ನಲ್ಲೇ ಉಳಿಯುತ್ತದೆ. ನನಗೆ ಇಷ್ಟು ಸಾಕಾಯಿತು.

ಮುಂದಿನ ತಿಂಗಳು ಸೋದರಮಾವನ ಮಗನ ಕಂಪ್ಯೂಟರ್ ಕಟ್ಟಬೇಕು. ಅವನದು ಪ್ರೋಗ್ರಾಮಿಂಗ್ ಕೆಲಸ, ಗ್ರಾಫಿಕ್ಸ್ ಕಾರ್ಡ್ ಹೆಸರಿಗಷ್ಟೇ. ಅವನಿಗೆ ಮುಂದೆಯೇ ಹಾಕುತ್ತೇನೆ, ಪೈಪ್ ಕೆಳಗೆ, ಫ್ಯಾನ್ ಒಳಗೆ.