ಗಂಟಲು ನೋಡದೆ ಕೊಟ್ಟ ಆನ್‌ಲೈನ್ ಧ್ವನಿ ಚಿಕಿತ್ಸೆ: ಶಿಕ್ಷಕರೇ, ಎಚ್ಚರ

ದಾವಣಗೆರೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಪಾಠ ಮಾಡುತ್ತಿರುವ ನನಗೆ ಕಳೆದ ಜೂನ್‌ನಿಂದ ಧ್ವನಿ ಒಡೆಯತೊಡಗಿತು. ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು; ಮಧ್ಯಾಹ್ನದ ಮೇಲೆ ಮಾತಿನ ಬದಲು ಬರೀ ಗಾಳಿ ಬರುತ್ತಿತ್ತು. ರಜೆ ಹಾಕಿ ಆಸ್ಪತ್ರೆಗೆ ಅಲೆಯುವುದು ಬೇಡವೆಂದು, ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ನಂಬಿ, ವಿಡಿಯೊ ಕರೆಯಲ್ಲೇ ಧ್ವನಿ ಚಿಕಿತ್ಸೆ ಕೊಡುತ್ತೇವೆ ಎಂದವರಿಗೆ 16,000 ರೂಪಾಯಿ ಮುಂಗಡ ಕಟ್ಟಿದೆ.

ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿದ್ದೀರಾ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಒಂದೇ ಉಸಿರಿನಲ್ಲಿ ‘ಆ’ ಎಂದು ಎಳೆಯಲು ಹೇಳಿ ಸೆಕೆಂಡು ಎಣಿಸುತ್ತಿದ್ದರು. ನಾನಿನ್ನೂ ಎಳೆಯುತ್ತಿರುವಾಗಲೇ, ‘ನಾಲ್ಕಕ್ಕೇ ನಿಂತಿತು, ಉಸಿರು ಸಾಲದು, ಇನ್ನೂ ಜೋರಾಗಿ’ ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಮಗಳು ಗೋಡೆ ಗಡಿಯಾರ ನೋಡಿ, ‘ಅಮ್ಮ, ಹನ್ನೊಂದು ಆಯಿತಲ್ಲ’ ಎಂದಳು. ಒಂದೇ ಸಮನೆ ಬರುವ ಸದ್ದನ್ನು ವಿಡಿಯೊ ಕರೆಯ ಆ್ಯಪ್‌ಗಳು ಫ್ಯಾನಿನ ಸದ್ದೆಂದು ಬಗೆದು ಅಳಿಸಿಬಿಡುವುದುಂಟು; ಧ್ವನಿ ಪರೀಕ್ಷೆಗೆ ಮೊದಲು ಆ ಸೌಲಭ್ಯವನ್ನು ನಿಲ್ಲಿಸಬೇಕು. ನನಗೆ ಇದು ತಿಳಿದದ್ದು ತಡವಾಗಿ. ಚಿಕಿತ್ಸೆ ಕೊಡುವವರಿಗೆ ತಿಳಿದಿರಲೇಬೇಕಿತ್ತು.

ಆರು ವಾರ ಜೋರು ಮಾಡಿ ಮಾಡಿ ಇದ್ದ ಧ್ವನಿಯೂ ಹೋಯಿತು. ಕೊನೆಗೆ ಇಲ್ಲಿಯ ಗಂಟಲು ವೈದ್ಯರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ, ಎರಡೂ ಧ್ವನಿತಂತುಗಳ ಅಂಚಿನಲ್ಲಿ ಎದುರುಬದುರಾಗಿ ಅಕ್ಕಿನುಚ್ಚಿನಂಥ ಗಂಟುಗಳು ಕಂಡವು. ಕೂಗಿ ಪಾಠ ಮಾಡುವವರಲ್ಲಿ ಇವು ಸಾಮಾನ್ಯ; ಧ್ವನಿಯನ್ನು ಹದವಾಗಿ ಬಳಸಲು ಕಲಿತರೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತವೆ, ಬಲವಂತ ಮಾಡಿದರೆ ಹೆಚ್ಚುತ್ತವೆ. ನನ್ನದು ಗಂಟು ಎಂಬುದೇ ಪುಣ್ಯ. ಗಂಟಲಿನ ಕ್ಯಾನ್ಸರ್ ಕೂಡ ಧ್ವನಿ ಒಡೆಯುವುದರಿಂದಲೇ ಆರಂಭವಾಗಬಹುದು, ಆದ್ದರಿಂದ ಮೂರು ನಾಲ್ಕು ವಾರ ದಾಟಿಯೂ ಧ್ವನಿ ಸರಿಹೋಗದಿದ್ದರೆ ಮೊದಲು ಗಂಟಲನ್ನು ತೋರಿಸಿ.

ವಿಡಿಯೊ ಮೂಲಕ ಚಿಕಿತ್ಸೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಗಳಿಂದ ತೊದಲುವ ಮಗುವನ್ನು ವಾರವಾರ ಕರೆತರಲಾಗದವರಿಗೆ ಅದು ದೊಡ್ಡ ಆಸರೆ. ಈಗ ನನಗೆ ಕಲಿಸುತ್ತಿರುವವರೂ ಮೈಸೂರಿನಿಂದ ವಿಡಿಯೊದಲ್ಲೇ ಕಲಿಸುತ್ತಾರೆ. ಆದರೆ ವೈದ್ಯರ ವರದಿಯನ್ನು ನೋಡಿದ ಮೇಲೆಯೇ ಅವರು ಮೊದಲ ತರಗತಿಗೆ ದಿನ ಗೊತ್ತುಮಾಡಿದರು.

1992ರ ಕಾಯ್ದೆಯ ಪ್ರಕಾರ ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಿದ ದಿನವೇ ಮೊದಲಿನವರು ನನ್ನ ಕರೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು, ಹಣವೂ ಮರಳಲಿಲ್ಲ. ನೀವು ಆ ಸಂಖ್ಯೆಯನ್ನು ಹಣ ಕಟ್ಟುವ ಮೊದಲೇ ಕೇಳಿ, ಪರಿಷತ್ತಿನ ಜಾಲತಾಣದಲ್ಲಿ ಅವರ ಹೆಸರಿದೆಯೇ ನೋಡಿ.