ಇಟಲಿಯಲ್ಲಿ ರೈಲು ಪ್ರಯಾಣವೇ? ಏಜೆಂಟ್ ಕೊಡುವ ವೋಚರ್ ನಂಬಬೇಡಿ, ಅಸಲಿ ಟಿಕೆಟ್ ಕೇಳಿ

ಇಟಲಿಗೆ ಹೊರಟವರು ವೀಸಾ, ವಿಮಾನ, ಹೋಟೆಲ್ ಅಂತ ಎಷ್ಟೋ ತಲೆ ಕೆಡಿಸಿಕೊಳ್ಳುತ್ತಾರೆ. ಅಲ್ಲಿ ಊರಿಂದೂರಿಗೆ ಹೋಗುವ ರೈಲಿನ ವಿಷಯ ಬಂದಾಗ ಮಾತ್ರ "ಅದೊಂದನ್ನು ನೀವೇ ಮಾಡಿಬಿಡಿ" ಎಂದು ಟ್ರಾವೆಲ್ ಏಜೆಂಟ್‌ಗೆ ಬಿಟ್ಟುಬಿಡುತ್ತಾರೆ. ಪ್ಯಾಕೇಜ್‌ನಲ್ಲೇ ಸೇರಿಸಿ ಕೊಡುತ್ತಾರೆ, ಬೇಡ ಅನ್ನೋದ್ಯಾಕೆ ಅಲ್ವಾ? ನಾನಂತೂ ಬೇಡ ಅಂತಲೇ ಹೇಳುತ್ತೇನೆ. ಏಜೆಂಟ್‌ಗೇ ಬಿಡಲೇಬೇಕು ಎಂದಿದ್ದರೆ, ಬಾಕಿ ದುಡ್ಡು ಕಟ್ಟುವ ಮೊದಲು ಅಸಲಿ ಟಿಕೆಟ್ ನಿಮ್ಮ ಕೈಗೆ ಬರಬೇಕು. ಏಜೆಂಟರ ಲೋಗೋ ಹಾಕಿದ ಚೆಂದದ ಪಿಡಿಎಫ್ ಅಲ್ಲ, ರೈಲಿನವರು ಕೊಟ್ಟ ಟಿಕೆಟ್.

ನಾವು ಹೋಗಿದ್ದು ಅಪ್ಪ, ಅಮ್ಮ, ಹೆಂಡತಿ ಮತ್ತು ನಾನು. ರೋಮ್ ನೋಡಿಕೊಂಡು, ಚಿಂಕ್ವೆ ತೆರ್ರೆ ಎಂಬ ಕಡಲಂಚಿನ ಐದು ಹಳ್ಳಿಗಳಿಗೆ ಹೋಗಿ, ಅಲ್ಲಿಂದ ವೆನಿಸ್‌ಗೆ ಹೋಗುವ ಪ್ಲಾನ್. ಚಿಂಕ್ವೆ ತೆರ್ರೆಗೆ ಹತ್ತಿರದ ಊರು ಲಾ ಸ್ಪೆತ್ಸಿಯಾ. ಅಲ್ಲಿಂದ ಫ್ಲಾರೆನ್ಸ್‌ವರೆಗೆ ರೀಜನಲ್ ರೈಲು, ಅಂದರೆ ನಮ್ಮ ಪ್ಯಾಸೆಂಜರ್ ಗಾಡಿಯ ಥರ. ಫ್ಲಾರೆನ್ಸ್‌ನಲ್ಲಿ ಇಳಿದು ವೆನಿಸ್‌ಗೆ ಹೈಸ್ಪೀಡ್ ರೈಲು. ಏಜೆಂಟ್ ಕಳಿಸಿದ ವೋಚರ್‌ನಲ್ಲಿ ಇದ್ದದ್ದು ಇಷ್ಟೇ: ಲಾ ಸ್ಪೆತ್ಸಿಯಾದಿಂದ ಫ್ಲಾರೆನ್ಸ್, ಫ್ಲಾರೆನ್ಸ್‌ನಿಂದ ವೆನಿಸ್, ಎರಡನೇ ದರ್ಜೆ, ಕನ್ಫರ್ಮ್ಡ್. ಜೊತೆಗೆ ಸಮಯ, ರೈಲಿನ ನಂಬರ್, ಕೆಳಗೆ ಚಿಕ್ಕದಾಗಿ ಅಂಟಿಸಿದ ಕ್ಯೂಆರ್ ಚಿತ್ರ. "ಮಧ್ಯೆ ನಲವತ್ತು ನಿಮಿಷ ಗ್ಯಾಪ್ ಇದೆ ಸರ್, ಆರಾಮಾಗಿ ಕಾಫಿ ಕುಡಿದು ಹೋಗಬಹುದು" ಅಂತ ಫೋನಿನಲ್ಲಿ ಹೇಳಿದ್ದರು.

ಮೊದಲ ಎಡವಟ್ಟು ರೀಜನಲ್ ರೈಲಿನಲ್ಲೇ ಶುರುವಾಯಿತು. ಟಿಸಿ ಬಂದರು. ಕ್ಯೂಆರ್ ಸ್ಕ್ಯಾನ್ ಮಾಡಿದರು. ಮುಖ ಗಂಟಿಕ್ಕಿಕೊಂಡು "ಚೆಕ್ ಇನ್?" ಎಂದರು. ಆ ರೈಲುಗಳಲ್ಲಿ ಕಾಗದದ ಟಿಕೆಟ್ ಇದ್ದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಹತ್ತಿರದ ಮಷೀನಿಗೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಡಿಜಿಟಲ್ ಟಿಕೆಟ್ ಆದರೆ ಫೋನಿನಲ್ಲಿ ಚೆಕ್ ಇನ್ ಮಾಡಬೇಕು. ಅದರ ಲಿಂಕ್ ಬರುವುದು ಟಿಕೆಟ್ ಕೊಂಡವರ ಮೇಲ್‌ಗೆ. ಕೊಂಡವರು ಯಾರು? ಏಜೆಂಟ್. ಲಿಂಕ್ ಬೆಂಗಳೂರಿನಲ್ಲಿ ಅವರ ಇನ್‌ಬಾಕ್ಸ್‌ನಲ್ಲಿ ಕೂತಿತ್ತು. ನಮ್ಮ ಹತ್ತಿರ ಇದ್ದದ್ದು ಬರೀ ಚಿತ್ರ. ಟಿಸಿ ದಂಡ ಹಾಕಬಹುದಿತ್ತು. ಅಮ್ಮ ಚಟ್ನಿಪುಡಿ ಹಚ್ಚಿದ ಚಪಾತಿಯ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಟಿಸಿ ಅವರನ್ನೊಮ್ಮೆ, ನಮ್ಮ ಸೂಟ್‌ಕೇಸ್‌ಗಳನ್ನೊಮ್ಮೆ ನೋಡಿ, ಏನೋ ಗೊಣಗಿ, ಮುಂದೆ ಹೋದರು. ಎಲ್ಲರಿಗೂ ಇಂಥ ಟಿಸಿ ಸಿಗುವುದಿಲ್ಲ.

ಅಂದಹಾಗೆ ರೀಜನಲ್ ಟಿಕೆಟನ್ನು ತಿಂಗಳು ಮೊದಲೇ ಇಲ್ಲಿಂದ ಕೊಳ್ಳುವ ಅಗತ್ಯವೇ ಇಲ್ಲ. ದರ ದೂರದ ಮೇಲೆ ನಿಗದಿ, ಇವತ್ತು ಕೊಂಡರೂ ಅಷ್ಟೇ, ಆವತ್ತೇ ಕೊಂಡರೂ ಅಷ್ಟೇ. ಸೀಟ್ ನಂಬರ್ ಇಲ್ಲ, ಟಿಕೆಟ್ ಖಾಲಿಯಾಗುವ ಭಯವೂ ಇಲ್ಲ. ಇದಕ್ಕೂ ನಮ್ಮಿಂದ ತಲೆಗೆ ಇಷ್ಟು ಅಂತ ಸರ್ವಿಸ್ ಚಾರ್ಜ್ ತೆಗೆದುಕೊಂಡಿದ್ದರು.

ಪೀಸಾ ದಾಟಿದ ಮೇಲೆ ರೈಲು ನಿಂತುಬಿಟ್ಟಿತು. ಮುಂದೆ ಹಳಿಯ ಮೇಲೆ ಯಾರೋ ಇದ್ದಾರಂತೆ, ಪೊಲೀಸರು ಬರಬೇಕಂತೆ. ಎದುರಿಗೆ ಕೂತಿದ್ದ ಹುಡುಗಿ ಅನೌನ್ಸ್‌ಮೆಂಟ್ ಕೇಳಿ ಹೇಳಿದಳು. ಇದರಲ್ಲಿ ರೈಲಿನವರದ್ದೇನೂ ತಪ್ಪಿಲ್ಲ. ಫ್ಲಾರೆನ್ಸ್ ತಲುಪಿದಾಗ ಇಪ್ಪತ್ತೈದು ನಿಮಿಷ ತಡ. ಇನ್ನೂ ಹದಿನೈದು ನಿಮಿಷ ಇದೆಯಲ್ಲ ಅಂತ ಓಡಿದೆವು.

ಇಳಿದದ್ದು ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್‌ನಲ್ಲಿ. ಫ್ಲಾರೆನ್ಸ್‌ನ ದೊಡ್ಡ ಸ್ಟೇಷನ್ ಅದು, ಊರ ಮಧ್ಯದಲ್ಲಿದೆ. ಬೋರ್ಡ್ ಮುಂದೆ ನಿಂತು ನಮ್ಮ ರೈಲಿನ ನಂಬರ್ ಹುಡುಕಿದರೆ ಎಲ್ಲೂ ಇಲ್ಲ. ವೆನಿಸ್ ರೈಲು ಇನ್ನೊಂದಿದೆ, ಅದರ ನಂಬರ್ ಬೇರೆ. ಅಪ್ಪ ಕನ್ನಡಕ ಮೇಲೆ ಮಾಡಿ ಒಂದೊಂದೇ ಸಾಲು ಓದುತ್ತಿದ್ದಾರೆ, ಮೇಲಿನ ಸಾಲು ಹೊರಟುಹೋಗಿ ಪಟ್ಟಿ ಮತ್ತೆ ಜಿಗಿಯುತ್ತದೆ, ಅವರು ಮತ್ತೆ ಮೊದಲಿನಿಂದ. ಕೊನೆಗೆ ಸ್ಟೇಷನ್ ಸಿಬ್ಬಂದಿ ಒಬ್ಬರಿಗೆ ಫೋನ್ ತೋರಿಸಿದೆ. ಅವರು ಕ್ಯೂಆರ್ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದರು. ಕೋಡಿನ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು: ಫಿರೆಂಝೆ ಕಾಂಪೊ ದಿ ಮಾರ್ತೆ.

ಅದು ಬೇರೆಯೇ ಸ್ಟೇಷನ್. ಮೆಜೆಸ್ಟಿಕ್‌ನಲ್ಲಿ ಇಳಿದು, ಬೈಯಪ್ಪನಹಳ್ಳಿಯ ಟರ್ಮಿನಲ್‌ನಿಂದ ಹೊರಡುವ ರೈಲನ್ನು ಮೆಜೆಸ್ಟಿಕ್ ಬೋರ್ಡಿನಲ್ಲೇ ಹುಡುಕಿದ ಹಾಗಾಯಿತು ನಮ್ಮ ಕಥೆ. ಸಾಂತಾ ಮರಿಯಾ ನೊವೆಲ್ಲಾದಲ್ಲಿ ಹಳಿ ಮುಗಿದುಹೋಗುತ್ತದೆ. ಒಳಗೆ ಬಂದ ರೈಲು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡಬೇಕು. ಆ ಸಮಯ ಉಳಿಸಲು ರೋಮ್ ಕಡೆಯಿಂದ ವೆನಿಸ್‌ಗೆ ಹೋಗುವ ಕೆಲವು ರೈಲುಗಳು ಒಳಗೆ ಬರದೆ ಕಾಂಪೊ ದಿ ಮಾರ್ತೆಯಲ್ಲಿ ನಿಂತು ಹೋಗುತ್ತವೆ. ಎರಡರ ನಡುವೆ ಲೋಕಲ್ ರೈಲಿನಲ್ಲಿ ಕೆಲವೇ ನಿಮಿಷದ ದಾರಿ. ಆದರೆ ಆ ಲೋಕಲ್ ಸಿಗಬೇಕು, ಮಂಡಿ ನೋವಿನ ಅಮ್ಮ ಮೆಟ್ಟಿಲು ಹತ್ತಿಳಿಯಬೇಕು. ರೈಲು ಹೋಯಿತು.

ಏಜೆಂಟ್‌ಗೆ ಫೋನ್ ಮಾಡಿದೆ. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರು ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. "24 ಗಂಟೆ ಸಪೋರ್ಟ್" ಎಂದು ವೋಚರ್‌ನಲ್ಲಿ ಬರೆದಿದ್ದ ನಂಬರ್ ರಿಂಗ್ ಆಗಿ ಆಗಿ ಕಟ್ ಆಯಿತು.

ಕೌಂಟರ್‌ನಲ್ಲಿ ಟಿಕೆಟ್ ತೋರಿಸಿ ಮುಂದಿನ ರೈಲಿಗೆ ಬದಲಾಯಿಸಿ ಕೊಡಿ ಎಂದೆವು. ಕೌಂಟರಿನಾಕೆ ಕಂಪ್ಯೂಟರ್ ನೋಡಿ ಆಗಲ್ಲ ಎಂದು ತಲೆಯಾಡಿಸಿದರು. ಅದು ಸೂಪರ್ ಎಕಾನಮಿ ಟಿಕೆಟ್ ಅಂತೆ. ಹೈಸ್ಪೀಡ್ ರೈಲುಗಳಲ್ಲಿ ಒಂದೇ ಸೀಟಿಗೆ ಹಲವು ದರ ಇರುತ್ತವೆ. ಬೇಸ್ ಅನ್ನೋದು ಪೂರ್ತಿ ದರ, ಅದನ್ನು ಹೊರಡುವ ಮೊದಲು ಬದಲಾಯಿಸಬಹುದು, ರದ್ದು ಮಾಡಿದರೆ ಒಂದಿಷ್ಟು ಕತ್ತರಿಸಿಕೊಂಡು ವಾಪಸ್ ಕೊಡುತ್ತಾರೆ. ಅದಕ್ಕಿಂತ ಕಡಿಮೆ ದರದ್ದು ಎಕಾನಮಿ, ನಿಯಮಗಳು ಬಿಗಿ. ಸೂಪರ್ ಎಕಾನಮಿ ಎಲ್ಲಕ್ಕಿಂತ ಅಗ್ಗ, ಆದರೆ ಬದಲಾವಣೆಯೂ ಇಲ್ಲ, ರಿಫಂಡೂ ಇಲ್ಲ. ರೈಲು ತಪ್ಪಿದರೆ ಟಿಕೆಟ್ ಕಸದಬುಟ್ಟಿಗೆ. ಇದನ್ನು ಮೋಸ ಎನ್ನಲಾಗದು. ಗೊತ್ತಿದ್ದು ಕೊಂಡರೆ ಒಳ್ಳೆಯ ವ್ಯವಹಾರವೇ. ಆದರೆ ಏಜೆಂಟ್ ನಮ್ಮಿಂದ ತೆಗೆದುಕೊಂಡದ್ದು ಬೇಸ್ ದರ, ಕೊಂಡದ್ದು ಸೂಪರ್ ಎಕಾನಮಿ. ಅಸಲಿ ಟಿಕೆಟ್ ಮೇಲೆ ಬೆಲೆಯೂ, ದರದ ಹೆಸರೂ ಎರಡೂ ಇರುತ್ತವೆ. ಅಸಲಿ ಟಿಕೆಟ್ ಕೊಡದೆ ವೋಚರ್ ಕೊಟ್ಟದ್ದು ಯಾಕೆ ಅಂತ ಆಗ ಹೊಳೆಯಿತು.

ಹೊಸದಾಗಿ ನಾಲ್ಕು ಟಿಕೆಟ್ ಕೊಂಡೆವು. ಹೊರಡುವ ಹೊತ್ತಿಗೆ ಕೊಂಡರೆ ಅಗ್ಗದ ದರ ಉಳಿದಿರುವುದಿಲ್ಲ. ಒಬ್ಬೊಬ್ಬರಿಗೆ ಐವತ್ತು ಯೂರೋ ಮೇಲೆ ಬಿತ್ತು. ಅಪ್ಪ ಅಮ್ಮ ಒಂದು ಬೋಗಿಯಲ್ಲಿ, ನಾವಿಬ್ಬರು ಇನ್ನೊಂದರಲ್ಲಿ. ದಾರಿಯುದ್ದಕ್ಕೂ ಅಮ್ಮ ಪ್ರತಿ ಸ್ಟೇಷನ್‌ಗೂ ಫೋನ್ ಮಾಡಿ "ಇಲ್ಲಿ ಇಳಿಯೋದಾ?" ಅಂತ ಕೇಳಿದರು.

ನಮ್ಮ ಎರಡು ರೈಲುಗಳ ಟಿಕೆಟನ್ನು ಏಜೆಂಟ್ ಬೇರೆ ಬೇರೆಯಾಗಿ ಕೊಂಡಿದ್ದರು. ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಯಾರೂ ಬಾಯಿ ಬಿಡದ ವಿಷಯ ಇದು. ಒಂದೇ ಕಂಪನಿಯ ರೈಲುಗಳಿಗೆ ಒಂದೇ ಬುಕಿಂಗ್‌ನಲ್ಲಿ ಲಾ ಸ್ಪೆತ್ಸಿಯಾದಿಂದ ವೆನಿಸ್‌ವರೆಗೆ ಅಂತ ಪೂರ್ತಿ ಟಿಕೆಟ್ ಕೊಂಡಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ನಮ್ಮನ್ನು ಮುಂದಕ್ಕೆ ಕಳಿಸುವ ಹೊಣೆ ರೈಲಿನವರದ್ದು. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ಪ್ರಯಾಣಿಕರ ನಿಯಮಗಳಲ್ಲೇ ಇದು ಇದೆ. ಒಂದು ಗಂಟೆಯಿಂದ ಎರಡು ಗಂಟೆಯೊಳಗೆ ತಡವಾದರೆ ಟಿಕೆಟ್ ದರದ ಶೇ. 25, ಎರಡು ಗಂಟೆ ದಾಟಿದರೆ ಶೇ. 50 ಪರಿಹಾರ ಅಂತಲೂ ಇದೆ. ಬೇರೆ ಬೇರೆ ಕೊಂಡರೆ ಎರಡೂ ಬೇರೆ ಪ್ರಯಾಣ. ನಮ್ಮ ಮೊದಲ ರೈಲು ತಡವಾದದ್ದು ಇಪ್ಪತ್ತೈದು ನಿಮಿಷ, ಅದಕ್ಕೆ ಏನೂ ಸಿಗುವುದಿಲ್ಲ. ಎರಡನೆಯದು ಸರಿಯಾದ ಸಮಯಕ್ಕೇ ಹೊರಟಿತು.

ಇನ್ನೊಂದು. ಇಟಲಿಯ ಹೈಸ್ಪೀಡ್ ಹಳಿಗಳ ಮೇಲೆ ಎರಡು ಕಂಪನಿಗಳ ರೈಲು ಓಡುತ್ತವೆ. ಸರ್ಕಾರದ ಟ್ರೆನಿತಾಲಿಯಾ, ಮತ್ತೆ 2012ರಲ್ಲಿ ಶುರುವಾದ ಖಾಸಗಿ ಇಟಾಲೊ. ಎರಡೂ ಚೆನ್ನಾಗಿವೆ. ಆದರೆ ಇದರ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಹಾಗೆ ಯಾರಾದರೂ ಪ್ಲಾನ್ ಹಾಕಿಕೊಟ್ಟರೆ ಮಧ್ಯೆ ಒಂದೂವರೆ ಗಂಟೆಯಾದರೂ ಇರಲಿ.

ಸ್ಟೇಷನ್ ಹೆಸರಿನ ಗೋಜಲು ಫ್ಲಾರೆನ್ಸ್‌ಗೆ ಮಾತ್ರ ಅಲ್ಲ. ವೆನಿಸ್ ಅಂದರೆ ಮೆಸ್ತ್ರೆಯೂ ಆಗಬಹುದು, ಸಾಂತಾ ಲೂಚಿಯಾವೂ ಆಗಬಹುದು. ಮೆಸ್ತ್ರೆ ಇರುವುದು ಈ ಕಡೆಯ ನೆಲದಲ್ಲಿ. ಕಾಲುವೆ, ದೋಣಿ ಎಲ್ಲ ಇರುವುದು ಸೇತುವೆ ದಾಟಿ ಸಾಂತಾ ಲೂಚಿಯಾದ ಹೊರಗೆ. ಮೆಸ್ತ್ರೆಯಲ್ಲಿ ಹೋಟೆಲ್ ಅಗ್ಗ ಅಂತ ಅಲ್ಲೇ ರೂಂ ಮಾಡಿಸಿರುತ್ತಾರೆ, ಹಾಗಿದ್ದರೆ ಅಲ್ಲೇ ಇಳಿಯಬೇಕು. ನೇಪಲ್ಸ್‌ಗೆ ಅಗ್ಗದ ಟಿಕೆಟ್ ಕಂಡರೆ ನಾಪೊಲಿ ಆಫ್ರಗೋಲಾ ಇರಬಹುದು, ನೋಡಿಕೊಳ್ಳಿ. 2017ರಲ್ಲಿ ತೆರೆದ ಆ ಸ್ಟೇಷನ್ ನೋಡಲು ಭವ್ಯ, ಝಹಾ ಹದೀದ್ ವಿನ್ಯಾಸ, ಆದರೆ ಇರುವುದು ಊರಾಚೆ. ಪೊಂಪೆ ನೋಡಲು ಹೋಗುವವರಿಗೆ ಬೇಕಾದದ್ದು ನಾಪೊಲಿ ಚೆಂತ್ರಾಲೆ. ರೋಮ್‌ನಲ್ಲಿ ತೆರ್ಮಿನಿ ಮತ್ತು ತಿಬುರ್ತಿನಾ. ಮಿಲಾನ್‌ನಲ್ಲಿ ಚೆಂತ್ರಾಲೆ, ಪೋರ್ತಾ ಗರಿಬಾಲ್ದಿ, ರೊಗೊರೇದೊ. ಬೊಲೊನ್ಯಾದಲ್ಲಿ ಸ್ಟೇಷನ್ ಒಂದೇ, ಆದರೆ ಹೈಸ್ಪೀಡ್ ರೈಲುಗಳ 16ರಿಂದ 19ನೇ ಪ್ಲಾಟ್‌ಫಾರಂ ನೆಲದಡಿ ಆಳದಲ್ಲಿವೆ. ಅಲ್ಲಿಂದ ಮೇಲೆ ಬಂದು ಬೇರೆ ರೈಲು ಹಿಡಿಯಲು ಹತ್ತು ನಿಮಿಷ ಸುಮ್ನೆ ಹೋಗುತ್ತದೆ. ಬೋರ್ಡ್ ಮೇಲೆ ಬರುವುದು ರೈಲಿನ ಕೊನೆಯ ಊರಿನ ಹೆಸರು. ಆದ್ದರಿಂದ ರೈಲಿನ ನಂಬರ್ ಹಿಡಿದೇ ಹುಡುಕಿ. ಪ್ಲಾಟ್‌ಫಾರಂಗೆ ಅಲ್ಲಿ ಬಿನಾರಿಯೊ ಅನ್ನುತ್ತಾರೆ, ಬಹಳ ಸಲ ಹೊರಡುವ ಹತ್ತು ಹದಿನೈದು ನಿಮಿಷ ಮೊದಲಷ್ಟೇ ತೋರಿಸುತ್ತಾರೆ. ಅಷ್ಟರಲ್ಲಿ ಯಾರಾದರೂ ತಾವಾಗಿ ಬಂದು ಟಿಕೆಟ್ ಮಷೀನಿನಲ್ಲಿ ಬಟನ್ ಒತ್ತಿಕೊಡಲು, ಸೂಟ್‌ಕೇಸ್ ಎತ್ತಿಕೊಡಲು ಕೈ ಹಾಕಿದರೆ ಬೇಡ ಎನ್ನಿ. ಆಮೇಲೆ ದುಡ್ಡು ಕೇಳುತ್ತಾರೆ.

ಮುಷ್ಕರದ ವಿಷಯಕ್ಕೂ ನಿಮ್ಮ ಮೇಲ್ ಐಡಿ ಮುಖ್ಯ. ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ, ಶುಕ್ರವಾರಗಳಲ್ಲಿ ಜಾಸ್ತಿ. ಶೋಪೆರೊ ಅಂತಾರೆ. ಹೇಳದೆ ಕೇಳದೆ ಮಾಡುವ ಹಾಗಿಲ್ಲ, 1990ರ ಕಾಯ್ದೆ ಪ್ರಕಾರ ಹತ್ತು ದಿನ ಮೊದಲೇ ತಿಳಿಸಬೇಕು. ಅವರ ಸಾರಿಗೆ ಸಚಿವಾಲಯದ ವೆಬ್‌ಸೈಟ್‌ನಲ್ಲಿ ದಿನಾಂಕಗಳ ಪಟ್ಟಿ ಇರುತ್ತದೆ. ಮುಷ್ಕರದ ದಿನವೂ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ರೀಜನಲ್ ರೈಲುಗಳನ್ನು ಓಡಿಸುತ್ತಾರೆ. ದೂರದ ರೈಲುಗಳಲ್ಲೂ ಖಂಡಿತ ಓಡುವಂಥವುಗಳ ಪಟ್ಟಿ ಬೇರೆ ಇದೆ. ನಿಮ್ಮ ರೈಲು ರದ್ದಾದರೆ ಮೆಸೇಜ್ ಹೋಗುವುದು ಬುಕಿಂಗ್‌ನಲ್ಲಿ ಕೊಟ್ಟ ಮೇಲ್‌ಗೆ, ಫೋನಿಗೆ. ಅಲ್ಲಿ ಏಜೆಂಟರ ವಿವರ ಇದ್ದರೆ ನಿಮಗೆ ಗೊತ್ತಾಗುವುದು ಪ್ಲಾಟ್‌ಫಾರಂ ಮೇಲೆ ನಿಂತಾಗಲೇ. ರಿಫಂಡ್ ಬಂದರೂ ಹೋಗುವುದು ಅವರಿಗೇ.

ಸ್ವಂತವಾಗಿ ಕೊಳ್ಳುವುದು ಕಷ್ಟವೇನಲ್ಲ. ಎರಡೂ ಕಂಪನಿಗಳ ವೆಬ್‌ಸೈಟ್, ಆ್ಯಪ್ ಇಂಗ್ಲಿಷಿನಲ್ಲಿವೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಜಾಹೀರಾತಾಗಿ ಬರುವ ಮರುಮಾರಾಟದ ಸೈಟ್‌ಗಳು ಬೇರೆ, ಅವು ತಮ್ಮ ಫೀ ಸೇರಿಸಬಹುದು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇರುತ್ತದೆ, ಫಾರಂ ಮಾತ್ರ ಅದಿಲ್ಲದೆ ಮುಂದೆ ಹೋಗುವುದಿಲ್ಲ. ನನ್ನ ಹೆಂಡತಿಯ ತಂಗಿ ತನ್ನ ಹೆಸರನ್ನೇ ಎರಡೂ ಕಡೆ ಹಾಕಿ ಕೊಂಡಿದ್ದಳು, ತೊಂದರೆಯಾಗಲಿಲ್ಲ.

ಊರಿಗೆ ಬಂದ ಮೇಲೆ ಏಜೆಂಟ್ ಆಫೀಸಿಗೆ ಹೋದೆ. "ಟ್ರೈನ್ ಮಿಸ್ ಆದರೆ ನಾವೇನು ಮಾಡೋಕಾಗುತ್ತೆ ಸರ್, ಫಾರಿನ್ ರೂಲ್ಸ್" ಎಂದರು. ಬೇಸ್ ದರ ತೆಗೆದುಕೊಂಡು ಸೂಪರ್ ಎಕಾನಮಿ ಕೊಂಡ ಲೆಕ್ಕ ಕೇಳಿದೆ. ಅದು ಅಕೌಂಟ್ಸ್‌ನವರಿಗೆ ಗೊತ್ತು ಎಂದರು. ಅಕೌಂಟ್ಸ್‌ನವರು ರಜೆಯಲ್ಲಿದ್ದರು. ಕೊನೆಗೆ ಮುಂದಿನ ಟೂರ್‌ಗೆ ಐದು ಸಾವಿರ ಡಿಸ್ಕೌಂಟ್ ಕೊಡುತ್ತೇವೆ ಅಂತ ಕೈ ಮುಗಿದರು. ಬೇಡ ಎಂದು ಬಂದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅವರ ವೋಚರ್, ಅಸಲಿ ಟಿಕೆಟ್, ನಾವು ಕಟ್ಟಿದ ಬಿಲ್ ಮೂರನ್ನೂ ಒಟ್ಟಿಗೆ ಇಟ್ಟು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬಂದಾಗ ಬರೆಯುತ್ತೇನೆ.